ಎರಡು ನಿಮಿಷದಲ್ಲಿ ಕರಗುವ ಸಾಕ್ಷಿ

ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆ ವೈದ್ಯರು ವಾರ್ಡಿಗೆ ಬಂದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ಬಿಪಿ ಇದೆಯಾ, ಶುಗರ್ ಇದೆಯಾ, ಹಲ್ಲು ಅಲ್ಲಾಡುತ್ತಾ, ಯಾವುದಾದರೂ ಔಷಧಿ ಮೈಗೆ ಆಗಿಬರಲ್ವಾ. ನಮ್ಮ ಕಡೆಯ ಅನುಭವಸ್ಥ ವೈದ್ಯರು ಕೆಲವರ ಹತ್ತಿರ ಇನ್ನೂ ಒಂದು ಕೇಳುತ್ತಾರೆ. "ಅಮ್ಮಾ, ನಿಮ್ಮ ಮನೇಲಿ ಯಾರಿಗಾದ್ರೂ ಆಪರೇಷನ್ ಆದಮೇಲೆ ಉಸಿರು ಮರಳೋದು ತಡ ಆಗಿತ್ತಾ? ಮಷೀನಿನ ಮೇಲೆ ಇಟ್ಟಿದ್ರಾ?" ರೋಗಿ ಆರ್ಯವೈಶ್ಯರಾಗಿದ್ದರೆ ಈ ಪ್ರಶ್ನೆಯನ್ನು ಅವರು ಮರೆಯುವುದಿಲ್ಲ.

ಕಾರಣ ಒಂದು ಇಂಜೆಕ್ಷನ್. ಪುಸ್ತಕದಲ್ಲಿ ಅದು ಸಕ್ಸಿನೈಲ್‌ಕೋಲಿನ್, ಆಪರೇಷನ್ ಥಿಯೇಟರಿನ ಬಾಯಿಮಾತಿನಲ್ಲಿ ಸ್ಕೋಲಿನ್. ಗಂಟಲಿಗೆ ಉಸಿರಿನ ಕೊಳವೆ ಇಳಿಸಬೇಕಾದಾಗ ಅದನ್ನು ಕೊಡುತ್ತಾರೆ. ಒಂದು ನಿಮಿಷದೊಳಗೆ ಮೈಯ ಸ್ನಾಯುಗಳೆಲ್ಲ ಸಡಿಲವಾಗುತ್ತವೆ, ಉಸಿರಾಟದ ಸ್ನಾಯುಗಳೂ ಸೇರಿ. ಐದು ಹತ್ತು ನಿಮಿಷದಲ್ಲಿ ಪರಿಣಾಮ ಇಳಿದು ಉಸಿರು ತಾನಾಗಿ ಬರುತ್ತದೆ. ಇಷ್ಟು ಬೇಗ ಇಳಿಯುವುದು ರಕ್ತದಲ್ಲಿರುವ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದಿಂದ. ಚುಚ್ಚಿದ ಮದ್ದಿನ ಬಹುಪಾಲನ್ನು ಅದು ಸ್ನಾಯುವಿಗೆ ಮುಟ್ಟುವ ಮೊದಲೇ, ಒಂದೆರಡು ನಿಮಿಷದಲ್ಲಿ ಕತ್ತರಿಸಿಹಾಕುತ್ತದೆ. ಆರ್ಯವೈಶ್ಯ ಸಮುದಾಯದ ಕೆಲವರಲ್ಲಿ ಈ ಕಿಣ್ವ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಕಿಣ್ವದ ಸರಪಳಿಯ 307ನೇ ಕೊಂಡಿಯಲ್ಲಿ ಲ್ಯೂಸಿನ್ ಇರಬೇಕಾದ ಕಡೆ ಪ್ರೋಲಿನ್ ಕುಳಿತಿರುವುದನ್ನು ವಿಜ್ಞಾನಿಗಳು 2006ರಲ್ಲಿ ತೋರಿಸಿಕೊಟ್ಟರು. ಯುರೋಪಿನ ಜನರಿಗೆ ಹೋಲಿಸಿದರೆ ಈ ಕೊರತೆ ಇವರಲ್ಲಿ ಎಷ್ಟೋ ಪಟ್ಟು ಹೆಚ್ಚು. ಬಾಳಿನುದ್ದಕ್ಕೂ ಇದರಿಂದ ಅವರಿಗೆ ಏನೂ ತೊಂದರೆಯಿಲ್ಲ, ಇದೆ ಎಂಬುದೇ ಗೊತ್ತಿರುವುದಿಲ್ಲ. ಸ್ಕೋಲಿನ್ ಬಿದ್ದ ದಿನ ಮಾತ್ರ ಹತ್ತು ನಿಮಿಷದ ಮದ್ದು ಗಂಟೆಗಟ್ಟಲೆ ಇಳಿಯುವುದಿಲ್ಲ. ವೆಂಟಿಲೇಟರ್ ಹಾಕಿ, ನಿದ್ದೆಯ ಮದ್ದು ಮುಂದುವರಿಸಿ ಕಾದರೆ ರೋಗಿ ಎದ್ದು ಕೂರುತ್ತಾರೆ. ಗೊತ್ತಿಲ್ಲದ ಕಡೆ ಆ ಗಂಟೆಗಳು ಭಯಂಕರ.

ಹುಟ್ಟಿನಿಂದ ಬಂದದ್ದೇ ಆಗಬೇಕೆಂದಿಲ್ಲ. ಬೆಳೆಗೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕ ಮೈಗೆ ಸೇರಿದವರಲ್ಲೂ ಇದೇ ಕಿಣ್ವ ಸತ್ತುಬಿದ್ದಿರುತ್ತದೆ. ಜಿಲ್ಲಾಸ್ಪತ್ರೆಯ ತುರ್ತು ಚಿಕಿತ್ಸಾ ಘಟಕಕ್ಕೆ ಅಂಥವರನ್ನು ತಂದಾಗ ಕೊಳವೆ ಇಳಿಸಲು ಸ್ಕೋಲಿನ್ ಕೊಟ್ಟರೆ ಅವರೂ ಹೊತ್ತುಗಟ್ಟಲೆ ಕೈಕಾಲು ಆಡಿಸದೆ ಮಲಗಿರುತ್ತಾರೆ. ಅಳತೆ ಸರಿಯಾಗಿಯೇ ಇತ್ತು, ಸಿರಿಂಜಿನಲ್ಲಿ ತಪ್ಪಿರಲಿಲ್ಲ. ಆದರೂ ಆ ಮೈಗೆ ಅದು ಮಿತಿಮೀರಿದ ಅಳತೆ.

ಇಲ್ಲಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ಸಾವಿನ ಸುದ್ದಿಗಳಲ್ಲಿ "ವಿಸೆರಾ ವರದಿ ಬಂದಮೇಲೆ ನಿಜ ತಿಳಿಯಲಿದೆ" ಎಂಬ ಸಾಲನ್ನು ನಾವು ದಿನಾ ಓದುತ್ತೇವೆ. ವಿಸೆರಾ ಎಂದರೆ ಪರೀಕ್ಷೆಗೆಂದು ಶವದಿಂದ ತೆಗೆದ ಒಳಾಂಗಗಳ ಭಾಗ. ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಿಂದ ಒಂದು ಲಕೋಟೆ ಬರುತ್ತದೆ, ಅದರಲ್ಲಿ ಒಂದು ಮದ್ದಿನ ಹೆಸರಿರುತ್ತದೆ, ಅದೇ ತೀರ್ಪು ಎಂದು ನಂಬುತ್ತೇವೆ. ಸ್ನಾಯು ಸಡಿಲಿಸುವ ಮದ್ದುಗಳ ಚರಿತ್ರೆ ಓದಿದ ಮೇಲೆ ಆ ನಂಬಿಕೆ ನನ್ನಲ್ಲಿ ಉಳಿದಿಲ್ಲ. ಲಕೋಟೆಯಲ್ಲಿ ಬರುವ ಅಂಕಿ ಒಂದು ಪ್ರಶ್ನೆ. ಯಾರ ಮೈ, ಯಾವ ಹೊತ್ತು, ಯಾವ ಜಾಗದಿಂದ ತೆಗೆದ ರಕ್ತ, ಯಾವ ಬಾಟಲಿಯಲ್ಲಿ ಇಟ್ಟದ್ದು ಎಂಬುದನ್ನೆಲ್ಲ ಕೂಡಿಸಿ ಓದಿದರೆ ಮಾತ್ರ ಅದಕ್ಕೆ ಅರ್ಥ ಹುಟ್ಟುತ್ತದೆ.

ಮೊದಲು ಹೆಸರಿನ ಗೊಂದಲ. 'ಮಸಲ್ ರಿಲಾಕ್ಸಂಟ್' ಎಂಬ ಒಂದೇ ಹೆಸರಿನಡಿ ಎರಡು ಬೇರೆ ಕುಲಗಳಿವೆ. ಸೊಂಟ ಹಿಡಿದಾಗ, ಕುತ್ತಿಗೆ ಉಳುಕಿದಾಗ ಬರೆದುಕೊಡುವ ಟಿಜಾನಿಡಿನ್, ಕ್ಲೋರ್‌ಜಾಕ್ಸಜೋನ್, ಕ್ಯಾರಿಸೊಪ್ರೊಡಾಲ್, ಪಾರ್ಶ್ವವಾಯು ಆದವರ ಬಿಗಿಗೆ ಕೊಡುವ ಬ್ಯಾಕ್ಲೋಫೆನ್ ಒಂದು ಕುಲ. ಇವು ಕೆಲಸ ಮಾಡುವುದು ಮಿದುಳು, ಬೆನ್ನುಹುರಿಗಳಲ್ಲಿ, ಹಾಗಾಗಿ ಮಂಪರು ತರುತ್ತವೆ. ಸ್ಕೋಲಿನ್, ವೆಕುರೋನಿಯಂ, ಪ್ಯಾಂಕುರೋನಿಯಂಗಳದು ಇನ್ನೊಂದು ಕುಲ. ಇವು ಮಿದುಳನ್ನು ಮುಟ್ಟುವುದೇ ಇಲ್ಲ. ನರದ ತುದಿ ಸ್ನಾಯುವಿಗೆ ಕೊಡುವ ಆಜ್ಞೆಯನ್ನು ಬಾಗಿಲಲ್ಲೇ ತಡೆಯುತ್ತವೆ.

ದಕ್ಷಿಣ ಅಮೆರಿಕದ ಕಾಡಿನ ಬೇಟೆಗಾರರು ಬಾಣದ ತುದಿಗೆ ಬಳಿಯುತ್ತಿದ್ದ ಕ್ಯುರಾರೆ ಈ ಎರಡನೇ ಕುಲದ ಹಿರಿಯ. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 19ನೇ ಶತಮಾನದ ನಡುವಿನಲ್ಲಿ ಕಪ್ಪೆಯ ಒಂದು ಕಾಲಿಗೆ ರಕ್ತ ಹೋಗದಂತೆ ಕಟ್ಟಿ ಕ್ಯುರಾರೆ ಚುಚ್ಚಿದರು. ಮೈಯೆಲ್ಲ ಜೋತುಬಿತ್ತು. ಆ ಜೋತುಬಿದ್ದ ಚರ್ಮವನ್ನು ಚಿವುಟಿದರೆ, ಕಟ್ಟಿದ್ದ ಕಾಲು ಮಾತ್ರ ಸೆಟೆದು ಒದೆಯಿತು. ನೋವು ಒಳಗೆ ಹೋಗುತ್ತಿತ್ತು, ಹೊರಗೆ ಹೇಳಿಕೊಳ್ಳುವ ದಾರಿ ಮುಚ್ಚಿತ್ತು. ಮನುಷ್ಯರಲ್ಲೂ ಹೀಗೆಯೇ ಎಂದು ಗಟ್ಟಿಮಾಡಲು ಅಮೆರಿಕದ ಯೂಟಾದ ಅರಿವಳಿಕೆ ತಜ್ಞ ಸ್ಕಾಟ್ ಸ್ಮಿತ್ ತಮ್ಮ ಮೈಗೇ ಕ್ಯುರಾರೆಯ ಮದ್ದು ಚುಚ್ಚಿಸಿಕೊಂಡರು. ಸಹೋದ್ಯೋಗಿಗಳು ಉಸಿರು ಹಾಕಿಕೊಟ್ಟರು. ರೆಪ್ಪೆಯೂ ಅಲುಗದ ಸ್ಥಿತಿಯಲ್ಲಿ ತಮಗೆ ಎಲ್ಲವೂ ಕೇಳುತ್ತಿತ್ತು, ಎಲ್ಲವೂ ತಿಳಿಯುತ್ತಿತ್ತು ಎಂದು 1947ರಲ್ಲಿ ಬರೆದರು. ಈ ಮದ್ದಿನ ಸಾವಿನ ಬಗ್ಗೆ ಮಾತಾಡುವಾಗ ನನ್ನ ಮನಸ್ಸು ಮತ್ತೆಮತ್ತೆ ಹೋಗಿ ನಿಲ್ಲುವುದು ಇಲ್ಲೇ. ಇದರಿಂದ ಸತ್ತವರು ನಿದ್ದೆಯಲ್ಲಿ ಸತ್ತವರಲ್ಲ. ಅವರ ಪರವಾಗಿ ಸಾಕ್ಷಿ ಹುಡುಕುವ ಕೆಲಸಕ್ಕೆ ಅದಕ್ಕೇ ಇಷ್ಟು ತೂಕ.

ಹುಡುಕುವುದು ಹೇಗೆ? ಕಿಣ್ವ ಸಕ್ಸಿನೈಲ್‌ಕೋಲಿನ್ನನ್ನು ಮೊದಲು ಸಕ್ಸಿನೈಲ್‌ಮೊನೊಕೋಲಿನ್ ಆಗಿ ಒಡೆಯುತ್ತದೆ, ಆಮೇಲೆ ಸಕ್ಸಿನಿಕ್ ಆಮ್ಲ ಮತ್ತು ಕೋಲಿನ್ ಆಗಿ. ಕೊನೆಯ ಈ ಎರಡೂ ನಮ್ಮೆಲ್ಲರ ಮೈಯಲ್ಲಿ ಸದಾ ಇರುವಂಥವು. ರಕ್ತವನ್ನು ಬಾಟಲಿಗೆ ತುಂಬಿದ ಮೇಲೂ ಕಿಣ್ವ ಕೆಲಸ ನಿಲ್ಲಿಸುವುದಿಲ್ಲ. ಅದನ್ನು ತಡೆಯುವ ವಸ್ತು ಹಾಕದಿದ್ದರೆ ಪ್ರಯೋಗಾಲಯದ ದಾರಿಯಲ್ಲೇ ಮದ್ದು ಕರಗುತ್ತಿರುತ್ತದೆ.

1965ರ ಆಗಸ್ಟಿನಲ್ಲಿ ಫ್ಲಾರಿಡಾದ ಸರಸೋಟ ಬಳಿ ಕಾರ್ಮೆಲಾ ಕಾಪೊಲಿನೊ ಎಂಬ ವೈದ್ಯೆ ತೀರಿಕೊಂಡರು. ಪತಿ ಕಾರ್ಲ್ ಕಾಪೊಲಿನೊ ಅರಿವಳಿಕೆ ತಜ್ಞ. ಹೃದಯಾಘಾತ ಎಂದು ದಾಖಲಾಯಿತು, ಹೂಳಲಾಯಿತು. ತಿಂಗಳುಗಳ ನಂತರ, ಪತಿಯೇ ಸ್ಕೋಲಿನ್ ಚುಚ್ಚಿರಬಹುದೆಂಬ ಅನುಮಾನ ಎದ್ದು ಶವವನ್ನು ಹೊರತೆಗೆದಾಗ ನ್ಯೂಯಾರ್ಕಿನ ಮುಖ್ಯ ವೈದ್ಯಕೀಯ ಪರೀಕ್ಷಕ ಮಿಲ್ಟನ್ ಹೆಲ್ಪರ್ನ್‌ಗೆ ಕಂಡದ್ದು ಪೃಷ್ಠದ ಮೇಲೊಂದು ಸೂಜಿಯ ಗುರುತು. ಹೃದಯ ಚೆನ್ನಾಗಿತ್ತು. ಅವರ ಕಚೇರಿಯ ರಸಾಯನಶಾಸ್ತ್ರಜ್ಞ ಜೋಸೆಫ್ ಅಂಬರ್ಗರ್ ಅಂಗಾಂಶಗಳಲ್ಲಿ ಸಕ್ಸಿನಿಕ್ ಆಮ್ಲ ಹುಡುಕುವ ವಿಧಾನವನ್ನು ಈ ಪ್ರಕರಣಕ್ಕೆಂದೇ ಕಟ್ಟಿದರು. ಎಲ್ಲರ ಮೈಯಲ್ಲೂ ಇರುವ ವಸ್ತುವಲ್ಲವೇ ಎಂದು ಕಾಪೊಲಿನೊ ಪರ ಖ್ಯಾತ ವಕೀಲ ಎಫ್. ಲೀ ಬೈಲಿ ವಾದಿಸಿದರು. 1967ರ ಏಪ್ರಿಲಿನಲ್ಲಿ ತೀರ್ಪುಗಾರರು ಎರಡನೇ ದರ್ಜೆಯ ಕೊಲೆ ಎಂದರು. ಮೊದಲೇ ಯೋಚಿಸಿ ಮಾಡಿದ್ದಲ್ಲ ಎಂಬುದು ಅದರ ಅರ್ಥ. ಯೋಚಿಸದೆ ಯಾರು ಸಿರಿಂಜಿಗೆ ಮದ್ದು ತುಂಬುತ್ತಾರೆ? ಆ ತೀರ್ಪಿನೊಳಗೇ ಅರೆಮನಸ್ಸು ಕಾಣುತ್ತದೆ. ಪ್ರಕರಣಕ್ಕಾಗಿಯೇ ಹುಟ್ಟಿದ ಪರೀಕ್ಷೆಯನ್ನೂ ನ್ಯಾಯಾಲಯ ಒಪ್ಪಬಹುದು ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಕಾಪೊಲಿನೊ 1979ರಲ್ಲಿ ಪೆರೋಲಿನ ಮೇಲೆ ಹೊರಬಂದರು.

ಅದೇ ಫ್ಲಾರಿಡಾದಲ್ಲಿ ಕಾಲು ಶತಮಾನದ ನಂತರ ನಡೆದ ಇನ್ನೊಂದು ಪ್ರಕರಣ ವಿಷವಿಜ್ಞಾನದ ಪಾಠವನ್ನೇ ಬದಲಿಸಿತು. ವಿಲಿಯಂ ಸೈಬರ್ಸ್ ಪನಾಮಾ ಸಿಟಿಯ ವೈದ್ಯಕೀಯ ಪರೀಕ್ಷಕ. ಅನುಮಾನದ ಸಾವುಗಳಿಗೆ ಮರಣೋತ್ತರ ಪರೀಕ್ಷೆ ಮಾಡಿಸುವುದೇ ಅವರ ಕೆಲಸ. 1991ರ ಮೇ 30ರಂದು ಹೆಂಡತಿ ಕೇ ಮನೆಯಲ್ಲೇ ತೀರಿಕೊಂಡಾಗ ಅವರು ಪರೀಕ್ಷೆ ಮಾಡಿಸದೆ ಶವವನ್ನು ಅಂತ್ಯಸಂಸ್ಕಾರದವರಿಗೆ ಒಪ್ಪಿಸಿದರು. ಮರುದಿನ ಪರೀಕ್ಷೆ ನಡೆಯುವ ಹೊತ್ತಿಗೆ ಶವಕ್ಕೆ ಎಂಬಾಮಿಂಗ್ ದ್ರವ ಹರಿದಾಗಿತ್ತು. ಕೈಯ ಮೇಲೊಂದು ಸೂಜಿಯ ಗುರುತಿತ್ತು. ಅದರ ಹೊರತಾಗಿ ಏನೂ ಸಿಗಲಿಲ್ಲ. ವರ್ಷಗಳುರುಳಿದವು. ಉಳಿಸಿಟ್ಟ ಅಂಗಾಂಶದಲ್ಲಿ ಹೊಸ ಯಂತ್ರಗಳು ಸಕ್ಸಿನೈಲ್‌ಮೊನೊಕೋಲಿನ್ನನ್ನು ಕಂಡವು. ಸಕ್ಸಿನಿಕ್ ಆಮ್ಲದ ಹಾಗೆ ಇದು ಎಲ್ಲರ ಮೈಯಲ್ಲಿ ಇರುವುದಿಲ್ಲ, ಸ್ಕೋಲಿನ್ ಚುಚ್ಚಿದ್ದರೆ ಮಾತ್ರ ಬರಲು ಸಾಧ್ಯ ಎಂದು ತಜ್ಞರು ನುಡಿದರು. 2001ರಲ್ಲಿ ಸೈಬರ್ಸ್‌ಗೆ ಜೀವಾವಧಿ ಶಿಕ್ಷೆಯಾಯಿತು.

ಕೇಳಲೇಬೇಕಾಗಿದ್ದ ಪ್ರಶ್ನೆ ತೀರ ಸರಳ. ಸ್ಕೋಲಿನ್ ಎಂದೂ ಮುಟ್ಟದವರ ಶವದಲ್ಲಿ ಹುಡುಕಿದರೆ ಏನು ಸಿಗುತ್ತದೆ? ಆಮೇಲೆ ಹುಡುಕಿದರು. ಸಿಕ್ಕಿತು. ಮದ್ದು ತೆಗೆದುಕೊಂಡಿರದವರ ಅಂಗಾಂಶಗಳಲ್ಲೂ ಸಕ್ಸಿನೈಲ್‌ಮೊನೊಕೋಲಿನ್ ಇರುವುದನ್ನು 2003ರಲ್ಲಿ ಪ್ರಕಟಿಸಿದವರು ಎಫ್‌ಬಿಐ ಪ್ರಯೋಗಾಲಯದ ವಿಜ್ಞಾನಿಗಳೇ. ಆ ವರ್ಷವೇ ಮೇಲ್ಮನವಿ ನ್ಯಾಯಾಲಯ, ಈ ಪರೀಕ್ಷೆಗೆ ವಿಜ್ಞಾನಿಗಳ ಒಪ್ಪಿಗೆ ಇಲ್ಲವೆಂದು ಶಿಕ್ಷೆಯನ್ನು ರದ್ದುಮಾಡಿತು. ಮರುವಿಚಾರಣೆಯ ಬದಲು ಸೈಬರ್ಸ್ ಕೊಲೆಯಲ್ಲದ ನರಹತ್ಯೆಯ ಆರೋಪಕ್ಕೆ ಒಪ್ಪಂದ ಮಾಡಿಕೊಂಡು, ಕಳೆದಿದ್ದ ಜೈಲುವಾಸಕ್ಕೇ ಶಿಕ್ಷೆ ಮುಗಿದು ಹೊರಬಂದರು. ಕೇ ಅವರ ಸಾವಿಗೆ ನಿಜವಾದ ಕಾರಣ ಏನೆಂದು ಯಾವ ಯಂತ್ರವೂ ಹೇಳಲಿಲ್ಲ.

ತಮ್ಮ ಸಾಕ್ಷ್ಯವನ್ನು ಬೀಳಿಸುವ ಫಲಿತಾಂಶವನ್ನು ತಾವೇ ಅಚ್ಚುಹಾಕಿಸಿದ ಆ ವಿಜ್ಞಾನಿಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅವರು ಮಾಡಿದ ಕೆಲಸ ಮೊದಲು ಆಗಬೇಕಿತ್ತು, ಶಿಕ್ಷೆಯ ನಂತರ ಅಲ್ಲ. ಪ್ರಯೋಗಾಲಯದ ಭಾಷೆಯಲ್ಲಿ ಅದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಮದ್ದು ಇಲ್ಲದ ಮೈಯಲ್ಲಿ ಯಂತ್ರ ಏನು ತೋರಿಸುತ್ತದೆ ಎಂದು ಮೊದಲು ನೋಡಿಕೊಂಡು ಆಮೇಲೆ ಮಾತಾಡುವುದು. ಪಿಯುಸಿ ವಿದ್ಯಾರ್ಥಿಯೂ ಕಲಿಯುವ ಸಂಗತಿ.

ಹಾಗೆಂದು ಈ ಮದ್ದು ಹಿಡಿಗೆ ಸಿಗುವುದೇ ಇಲ್ಲ ಎಂದುಕೊಳ್ಳುವುದು ಇನ್ನೊಂದು ತಪ್ಪು. 2006ರ ಜುಲೈನಲ್ಲಿ ನೆವಾಡ ರಾಜ್ಯದ ಹಣಕಾಸು ನಿಯಂತ್ರಕಿ ಕ್ಯಾಥಿ ಆಗಸ್ಟೀನ್ ತೀರಿಕೊಂಡಾಗ ಆಸ್ಪತ್ರೆಗೆ ಸೇರಿದಾಗಲೇ ತೆಗೆದಿಟ್ಟ ಮೂತ್ರವಿತ್ತು. ಸ್ಕೋಲಿನ್ನಿನ ಒಂದು ಸಣ್ಣ ಪಾಲು ಕಿಣ್ವದ ಕತ್ತರಿಗೆ ಸಿಗದೆ ಮೂತ್ರಪಿಂಡದ ದಾರಿ ಹಿಡಿಯುತ್ತದೆ. ಈ ಸಲ ಸಿಕ್ಕಿದ್ದು ಒಡೆದ ಚೂರಲ್ಲ, ಒಡೆಯದ ಇಡೀ ಮದ್ದು. ನರ್ಸ್ ಆಗಿದ್ದ ಪತಿ 2007ರಲ್ಲಿ ಅಪರಾಧಿಯೆಂದು ತೀರ್ಪಾಯಿತು, 2010ರಲ್ಲಿ ನೆವಾಡದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕ್ಯಾಲಿಫೋರ್ನಿಯಾದ ಗ್ಲೆಂಡೇಲಿನಲ್ಲಿ ಉಸಿರಾಟ ಚಿಕಿತ್ಸಕನೊಬ್ಬ ರೋಗಿಗಳನ್ನು ಕೊಂದ ಪ್ರಕರಣದಲ್ಲಂತೂ ಹೂತ ಇಪ್ಪತ್ತು ಶವಗಳನ್ನು ತೆಗೆದು ನೋಡಿದಾಗ ಆರರಲ್ಲಿ ಪ್ಯಾಂಕುರೋನಿಯಂ ಸಿಕ್ಕಿತು. ಅದು ಸ್ಕೋಲಿನ್ನಿನಂತೆ ಕರಗುವ ಜಾತಿಯಲ್ಲ, ಮಣ್ಣಿನಡಿಯಲ್ಲೂ ಉಳಿಯುತ್ತದೆ. ಆತ 2002ರಲ್ಲಿ ತಪ್ಪೊಪ್ಪಿಕೊಂಡ. ರೋಗಿಗಳನ್ನು ಕ್ಯುರಾರೆ ಚುಚ್ಚಿ ಕೊಂದರೆಂದು ನ್ಯೂಜರ್ಸಿಯ ಸರ್ಜನ್ ಮಾರಿಯೊ ಯಾಸ್ಕಲೆವಿಚ್ ಮೇಲೆ ಹೂಡಿದ ಪ್ರಕರಣ ಇದಕ್ಕೆ ತಿರುವುಮುರುವು. ಹತ್ತು ವರ್ಷದ ಹಿಂದೆ ಹೂತ ಶವಗಳಲ್ಲಿ ಕ್ಯುರಾರೆ ಉಳಿಯುತ್ತದೋ ಇಲ್ಲವೋ ಎಂದು ಎರಡೂ ಕಡೆಯ ತಜ್ಞರು ತಿಂಗಳುಗಟ್ಟಲೆ ಜಗ್ಗಾಡಿದರು. 1978ರ ಅಕ್ಟೋಬರಿನಲ್ಲಿ ತೀರ್ಪುಗಾರರು ಎರಡು ಗಂಟೆಯ ಆಸುಪಾಸಿನಲ್ಲಿ ಚರ್ಚೆ ಮುಗಿಸಿ ಆತನನ್ನು ಬಿಡುಗಡೆ ಮಾಡಿದರು.

ಯಂತ್ರ ಏನೂ ನೋಡದೆಯೂ ನಿಜ ಹೊರಬಂದ ಒಂದು ಸಾವು ಇದೆ. 2017ರ ಡಿಸೆಂಬರಿನಲ್ಲಿ ಅಮೆರಿಕದ ಟೆನೆಸಿಯ ಆಸ್ಪತ್ರೆಯೊಂದರಲ್ಲಿ, ಸ್ಕ್ಯಾನಿಗೆ ಮುನ್ನ ಮನಸ್ಸು ಶಾಂತವಾಗಲೆಂದು 75 ವರ್ಷದ ಮಹಿಳೆಗೆ ವರ್ಸೆಡ್ ಎಂಬ ಮದ್ದು ಕೊಡಬೇಕಿತ್ತು. ನರ್ಸ್ ಮದ್ದಿನ ಕಪಾಟಿನ ಪರದೆಯಲ್ಲಿ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರ ಒತ್ತಿದರು, ಕೈಗೆ ಬಂದದ್ದು ವೆಕುರೋನಿಯಂ. ಮರಣಪತ್ರದಲ್ಲಿ ಮಿದುಳಿನ ರಕ್ತಸ್ರಾವ, ಸಹಜ ಸಾವು ಎಂದು ಬರೆಯಲಾಯಿತು. ಮದ್ದು ಅದಲುಬದಲಾದ ಸಂಗತಿ ಅದರಲ್ಲಿ ಇರಲೇ ಇಲ್ಲ. ಒಂದು ದೂರಿನಿಂದ ಸರಕಾರದ ತಪಾಸಣೆ ನಡೆದ ಮೇಲೆಯೇ ಕಾರಣ ತಿದ್ದುಪಡಿಯಾದದ್ದು. ಯಾವುದನ್ನು ಹುಡುಕಬೇಕೆಂದು ಯಾರಾದರೂ ಹೇಳದೆ ಪ್ರಯೋಗಾಲಯ ಈ ಕುಲದ ಮದ್ದುಗಳನ್ನು ಸಾಮಾನ್ಯವಾಗಿ ಹುಡುಕುವುದೇ ಇಲ್ಲ. ಇವುಗಳ ಅಣು ವಿದ್ಯುದಾವೇಶ ಹೊತ್ತಿರುತ್ತದೆ, ನೀರು ಬಿಟ್ಟು ಬರುವುದಿಲ್ಲ. ಉಳಿದ ವಿಷಗಳನ್ನು ಸೋಸುವ ರೂಢಿಯ ವಿಧಾನದಲ್ಲಿ ಇವು ನೀರಿನ ಜೊತೆಗೇ ಚೆಲ್ಲಿಹೋಗುತ್ತವೆ. ನಮ್ಮಲ್ಲಿ ವಿಸೆರಾದ ಜೊತೆ ಕಳಿಸುವ ಪೊಲೀಸ್ ಪತ್ರದಲ್ಲಿ "ವಿಷ ಇದೆಯೇ ಎಂದು ತಿಳಿಸಿ" ಎಂಬ ಒಂದೇ ಸಾಲಿದ್ದರೆ, "ಕಂಡುಬಂದಿಲ್ಲ" ಎಂಬ ಉತ್ತರಕ್ಕೆ ಎಷ್ಟು ಬೆಲೆ?

ಇನ್ನು ಮನೆಯ ಕಪಾಟಿನ ಮಾತ್ರೆಗಳು. ಇವುಗಳಲ್ಲಿ ಹಲವು ಪ್ರಯೋಗಾಲಯದ ಯಂತ್ರದಲ್ಲಿ ಸುಲಭವಾಗಿ ಸಿಗುತ್ತವೆ, ಓದುವುದು ಮಾತ್ರ ಸುಲಭವಲ್ಲ. ಕ್ಯಾರಿಸೊಪ್ರೊಡಾಲ್ ನೋಡಿ. ಚಟ ಹಿಡಿಸುತ್ತದೆಂದು ಯುರೋಪಿನ ಔಷಧ ಸಂಸ್ಥೆ 2007ರಲ್ಲಿ ಅದರ ಮಾರಾಟದ ಅನುಮತಿ ತಡೆಹಿಡಿಯಲು ಹೇಳಿತು, ಅಮೆರಿಕ 2012ರಿಂದ ನಿಯಂತ್ರಿತ ಪಟ್ಟಿಗೆ ಸೇರಿಸಿತು. ಟಪೆಂಟಡಾಲ್ ಎಂಬ ನೋವಿನ ಮದ್ದಿನ ಜೊತೆ ಬೆರೆಸಿದ ಮಾತ್ರೆಗಳು ಭಾರತದಿಂದ ಘಾನಾ, ನೈಜೀರಿಯಾಗಳ ಬೀದಿಗೆ ಹರಿಯುತ್ತಿರುವುದನ್ನು 2025ರ ಫೆಬ್ರುವರಿಯಲ್ಲಿ ಬಿಬಿಸಿ ಬಯಲು ಮಾಡಿದ ಮೇಲೆ ನಮ್ಮ ಸರಕಾರ ಆ ಜೋಡಿಯ ತಯಾರಿಕೆ, ರಫ್ತುಗಳ ಅನುಮತಿ ಹಿಂತೆಗೆದುಕೊಂಡಿತು. ಮೈಯಲ್ಲಿ ಈ ಮದ್ದು ಮೆಪ್ರೊಬಮೇಟ್ ಆಗಿ ಬದಲಾಗುತ್ತದೆ. ರಕ್ತದಲ್ಲಿ ಮೂಲ ಮದ್ದು ಜಾಸ್ತಿ, ಮೆಪ್ರೊಬಮೇಟ್ ಕಡಿಮೆ ಇದ್ದರೆ ಸಾಯುವ ಸ್ವಲ್ಪ ಮೊದಲು ನುಂಗಿದ್ದು ಎಂದು ಓದುವುದು ವಾಡಿಕೆ. ಆದರೆ ಬದಲಾಯಿಸುವ ಯಕೃತ್ತಿನ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಸೋಮಾರಿ. ಅಂಥವರು ಯುರೋಪಿಗಿಂತ ಏಷ್ಯಾದಲ್ಲಿ ಹೆಚ್ಚು. ಅವರ ರಕ್ತದಲ್ಲಿ ದಿನಾ ತಿನ್ನುವ ಅಳತೆಯೂ ಈಗಷ್ಟೇ ನುಂಗಿದಂತೆ ಕಾಣುತ್ತದೆ. ಯುರೋಪಿನ ಮೈಗಳ ಮೇಲೆ ಬರೆದ ಕೋಷ್ಟಕವನ್ನು ನಮ್ಮ ಮೈಗೆ ಹಾಗೆಯೇ ಹೊದಿಸುವ ಮುನ್ನ ಅಳುಕಬೇಕು. ಆರ್ಯವೈಶ್ಯರ ಕಿಣ್ವ ಹೇಳುವ ಮಾತೂ ಅದೇ.

ಎಲ್ಲಕ್ಕಿಂತ ಹೆಚ್ಚು ಹೆದರಿಸುವುದು ಬ್ಯಾಕ್ಲೋಫೆನ್. ಬಹುಪಾಲು ಬದಲಾಗದೆ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕಾದ ಮದ್ದು ಅದು. ಕಿಡ್ನಿ ಸೋತವರಿಗೆ ಬಿಕ್ಕಳಿಕೆಗೋ ಸೊಂಟನೋವಿಗೋ ವೈದ್ಯರು ಬರೆದ ಸಣ್ಣ ಅಳತೆಯೇ ಮೈಯಲ್ಲಿ ಕೂಡಿಕೊಂಡು ವಿಷವಾಗುತ್ತದೆ. ಕೆನಡಾದ ಒಂಟಾರಿಯೊದಲ್ಲಿ ಕಿಡ್ನಿ ಕಾಯಿಲೆಯ ಹಿರಿಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಶುರುಮಾಡಿದವರಲ್ಲಿ ಶೇ 1.11 ಜನ ತಿಂಗಳೊಳಗೆ ಮಿದುಳು ಮಂಕಾಗಿ ಆಸ್ಪತ್ರೆ ಸೇರಿದ್ದರು. ಮದ್ದು ತೆಗೆದುಕೊಳ್ಳದವರಲ್ಲಿ ಅದು ಶೇ 0.06. ಮನೆಯವರು "ವಯಸ್ಸಾಯ್ತು, ಅರಳುಮರಳು" ಎಂದುಕೊಳ್ಳುವಂಥ ಮಂಕು ಇದು. ಡಯಾಲಿಸಿಸ್ ಮಾಡಿದರೆ ತಿಳಿಯಾಗುತ್ತದೆ.

ಮಿತಿಮೀರಿ ನುಂಗಿದವರಲ್ಲಿ ಕಾಣುವುದೇ ಬೇರೆ. ಗಾಢ ಕೋಮಾ. ಕಣ್ಣಿನ ಪಾಪೆ ಬೆಳಕಿಗೆ ಕುಗ್ಗುವುದಿಲ್ಲ, ಗಂಟಲು ಕೆಣಕಿದರೆ ಕೆಮ್ಮಿಲ್ಲ, ತಾನಾಗಿ ಉಸಿರಿಲ್ಲ. ಮಿದುಳು ಸತ್ತಿದೆ ಎನ್ನಲು ವೈದ್ಯರು ನೋಡುವ ಚಿಹ್ನೆಗಳೇ ಇವು. ಹೀಗೆ ಮಲಗಿದ್ದವರು ದಿನಗಳ ನಂತರ ಕಣ್ಣುಬಿಟ್ಟು, ಚೇತರಿಸಿಕೊಂಡು ಮನೆಗೆ ಹೋದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ರಕ್ತದಲ್ಲಿ ಮದ್ದು ಇಳಿದ ಮೇಲೂ ಮಿದುಳಿನಲ್ಲಿ ಅದು ನಿಧಾನವಾಗಿ ಕರಗುವುದರಿಂದ, ರಕ್ತದ ಅಂಕಿ ಇಳಿದರೂ ಎಚ್ಚರವಾಗಲಿಲ್ಲ ಎಂದು ಆಸೆ ಬಿಡುವಂತಿಲ್ಲ.

ನಮ್ಮ ದೇಶದ ಅಂಗಾಂಗ ಕಸಿ ಕಾಯ್ದೆ 1994ರದು. ಅದರಡಿ ಮಿದುಳುಕಾಂಡದ ಸಾವನ್ನು ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸಹಿಮಾಡಬೇಕು. ಕರ್ನಾಟಕದ 'ಜೀವಸಾರ್ಥಕತೆ' ಯೋಜನೆಯ ಅಂಗದಾನಗಳೂ ಈ ನಮೂನೆಯ ಮೇಲೆಯೇ ನಿಂತಿವೆ. ತಲೆ ಸ್ಕ್ಯಾನಿನಲ್ಲಿ ಪೆಟ್ಟು ಕಣ್ಣಿಗೇ ಕಾಣುವ ಅಪಘಾತದ ಪ್ರಕರಣಗಳಲ್ಲಿ ಈ ಗೊಂದಲಕ್ಕೆ ಎಡೆ ಕಡಿಮೆ, ಅಂಗದಾನಕ್ಕೆ ಹೆದರಬೇಕಾದ್ದೇನೂ ಇಲ್ಲ. ಕಾರಣ ಗೊತ್ತಿಲ್ಲದೆ ಕೋಮಾಗೆ ಜಾರಿದವರ ವಿಷಯದಲ್ಲಿ ಆ ನಮೂನೆಯ ಒಂದು ಭಾಗ ಬಹಳ ಮುಖ್ಯ. ಮರಳಿ ಸರಿಹೋಗಬಲ್ಲ ಕಾರಣಗಳು ಯಾವುವೂ ಇಲ್ಲ ಎಂದು ಖಚಿತಪಡಿಸಿಕೊಂಡಿದ್ದೀರಾ ಎಂದು ಅದು ಕೇಳುತ್ತದೆ. ಮಂಪರು ತರುವ ಮದ್ದುಗಳಿಗೆ ಒಂದು ಸಾಲು, ಸ್ನಾಯು ಸಡಿಲಿಸುವ ಮದ್ದುಗಳಿಗೆ ಇನ್ನೊಂದು.

ಎರಡನೇ ಸಾಲನ್ನು ಐಸಿಯುವಿನಲ್ಲೇ ತೀರ್ಮಾನಿಸಬಹುದು. ಮಣಿಕಟ್ಟಿನ ನರಕ್ಕೆ ಸಣ್ಣ ಯಂತ್ರದಿಂದ ಸಾಲಾಗಿ ನಾಲ್ಕು ಸಲ ವಿದ್ಯುತ್ ಮುಟ್ಟಿಸುತ್ತಾರೆ. ಸ್ಕೋಲಿನ್, ವೆಕುರೋನಿಯಂ ಮೈಯಲ್ಲಿ ಉಳಿದಿಲ್ಲವಾದರೆ ಹೆಬ್ಬೆರಳು ನಾಲ್ಕು ಸಲ ಮಿಡುಕುತ್ತದೆ. ಬ್ಯಾಕ್ಲೋಫೆನ್ ನುಂಗಿದವರ ಹೆಬ್ಬೆರಳೂ ನಾಲ್ಕು ಸಲ ಚೆನ್ನಾಗಿಯೇ ಮಿಡುಕುತ್ತದೆ. ಆ ಮದ್ದು ಕುಳಿತಿರುವುದು ಮೊದಲನೇ ಸಾಲಿನಲ್ಲಿ. ಅದನ್ನು ತೋರಿಸುವ ಯಂತ್ರ ಹಾಸಿಗೆಯ ಪಕ್ಕ ಇರುವುದಿಲ್ಲ, ಆಸ್ಪತ್ರೆಯ ಸಾಮಾನ್ಯ ವಿಷಪರೀಕ್ಷೆಯಲ್ಲೂ ಅದು ಕಾಣುವುದಿಲ್ಲ. ಐಸಿಯು ವೈದ್ಯರು ಹೊರಗೆ ಬಂದು, ಬೆಂಚಿನ ಮೇಲೆ ಕುಳಿತ ಮಗನನ್ನೋ ತಂಗಿಯನ್ನೋ ಕೇಳಬೇಕು: "ಮನೇಲಿ ಯಾರಿಗೆ ಏನೇನು ಮಾತ್ರೆ ನಡೀತಿದೆ? ಖಾಲಿ ಸ್ಟ್ರಿಪ್ಪು, ಹಳೇ ಚೀಟಿ, ಡಬ್ಬಿ, ಕಸದ ಬುಟ್ಟೀಲಿ ಇದ್ರೂ ಸರಿ, ಎಲ್ಲ ಒಂದು ಕವರಿಗೆ ಹಾಕ್ಕೊಂಡು ತಂದುಬಿಡಿ." ಆ ಕವರು ಬರುವ ತನಕ ಸಹಿಯ ಜಾಗ ಖಾಲಿ ಇರಬೇಕು.